ಅಜ್ಜಿ ಗಾಳಿಸಿದ ರೈನ್ ಚಿನ್ನ

ಮೊದಲು ಒಂದು ಒಗಟು. ಅಪ್ಪನಿಗೆ ಬೇಕು, ಸಿಗಲ್ಲ. ಅಜ್ಜಿಗೆ ಸಿಗುತ್ತೆ, ಬೇಡ. ಅಮ್ಮ ಕೇಳೋದೂ ಇಲ್ಲ, ಬಿಡೋದೂ ಇಲ್ಲ. ಏನದು?

ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಗೊತ್ತಾಗಲ್ಲ. ನಮ್ಮ ಮನೇಲಿ ಒಂದು ವರ್ಷ ಇದ್ದು ಊಟ ಮಾಡಿದೋರಿಗೆ ಮಾತ್ರ ಹೊಳೆಯೋ ಒಗಟು ಇದು. ಓದ್ತಾ ಹೋಗಿ, ಉತ್ತರ ತಾನಾಗೇ ಬರುತ್ತೆ.

ನಮ್ಮ ಮನೇಲಿ ಇಂಥವು ಆಗ್ತಾನೇ ಇರುತ್ತವೆ. ಶನಿವಾರ ಬಂತು ಅಂದರೆ ಜರ್ಮನಿಯ ಈ ಕಾರ್ಲ್ಸ್‌ರುಹೆ ಊರಿನ ಬೇರೆ ಅಪ್ಪಂದಿರು ಕಾರು ತೊಳೀತಾರೆ, ನಮ್ಮಪ್ಪ ನದಿ ತೊಳೀತಾರೆ. ಮಿಕ್ಕ ಐದು ದಿನ ಅವರು ಮರ್ಯಾದಸ್ಥ ಸಾಫ್ಟ್‌ವೇರ್ ಇಂಜಿನಿಯರ್, ಮೈಸೂರಿನವರು. ಭಾನುವಾರ ಬೆನ್ನು ನೋವು ಅಂತ ಮಲಗಿರ್ತಾರೆ.

ಹೆಲ್ಮೆಟ್ಟಿನ ಪಟ್ಟಿ

ಹೋದ ವರ್ಷ ಬೇಸಿಗೇಲಿ ಒಂದು ಭಾನುವಾರ ಅಪ್ಪ, ಅಮ್ಮ, ನಾನು ಮೂವರೂ ಸೈಕಲ್ ಹತ್ತಿ ರೈನ್ ನದಿ ದಂಡೆಗೆ ಹೋಗಿದ್ವಿ. ಬೇಸಿಗೇಲಿ ನೀರು ಇಳಿದರೆ ಅಲ್ಲಿ ಜಲ್ಲಿಕಲ್ಲಿನ ದೊಡ್ಡ ದಿಬ್ಬ ಮೇಲೇಳುತ್ತೆ. ಕೂತು ಚಿತ್ರಾನ್ನ ತಿನ್ನೋಕೆ ಹೇಳಿ ಮಾಡಿಸಿದ ಜಾಗ. ಅಮ್ಮನ ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಕಚ್ಚಿಕೊಂಡುಬಿಟ್ಟಿತ್ತು. "ರೀ, ಇದೊಂದು ಬಿಡಿಸಿ" ಅಂದರು. ಅಪ್ಪ ಎಳೆದರು. ಪಟ್ಟಿ ಹಾಗೇ ಇತ್ತು, ಕರಿಮಣಿ ಸರ ಕಿತ್ತು ಬಂತು.

ಕಲ್ಲಿನ ಮೇಲೆಲ್ಲ ಮಣಿ. ಮೂವರೂ ಮಂಡಿಯೂರಿ ಆರಿಸಿದ್ವಿ. ಎರಡು ತಾಳಿ ಸಿಕ್ಕವು, ಹವಳ ಸಿಕ್ಕವು, ಕರಿಮಣಿ ಹೆಚ್ಚುಕಮ್ಮಿ ಎಲ್ಲಾ ಸಿಕ್ಕವು. ತಾಳಿಯ ಅಕ್ಕಪಕ್ಕ ಕೂರೋ ನಾಲ್ಕು ಚಿನ್ನದ ಗುಂಡಿನಲ್ಲಿ ಮೂರು ಸಿಕ್ಕವು. ನಾಲ್ಕನೆಯದು ಪುಟ್ಟ ಬಟಾಣಿಯಷ್ಟು ದಪ್ಪ. ಕಲ್ಲಿನಿಂದ ಕಲ್ಲಿಗೆ ನೆಗೆದು ನೀರಿಗೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೆ.

ಅಪ್ಪ ಪ್ಯಾಂಟು ಮಡಚಿ ನೀರಿಗಿಳಿದರು. ಕೈಯಲ್ಲಿ ಟೀ ಸೋಸೋ ಜಾಲರಿ. ಒಂದು ಗಂಟೆ ಮರಳು ಸೋಸಿದ ಮೇಲೆ ತೊಡೆ ಮಟ್ಟ ರಬ್ಬರ್ ಬೂಟು, ತಲೆಗೆ ಹಳೇ ಚರ್ಮದ ಟೋಪಿ ಹಾಕಿದ ಒಬ್ಬ ಜರ್ಮನ್ ತಾತ ಬಂದು ಹಿಂದೆ ನಿಂತರು. ಅವರ ಕೈಯಲ್ಲಿ ಹಸಿರು ಪ್ಲಾಸ್ಟಿಕ್ ತಟ್ಟೆ, ಪಿಜ್ಜಾ ಇಡಬಹುದಾದಷ್ಟು ಅಗಲ.

"ಮೊದಲ ಸಲವಾ?" ಅಂತ ತಾತ ಕೇಳಿದರು.

"ಹೌದು" ಅಂದರು ಅಪ್ಪ. "ಇಷ್ಟು ವರ್ಷದಲ್ಲಿ ಇದೇ ಮೊದಲು."

"ಜಾಗ ತಪ್ಪು. ನೀರಿನ ರಭಸ ತಗ್ಗೋ ಕಡೆ ನೋಡಬೇಕು. ದೊಡ್ಡ ಕಲ್ಲಿನ ಬೆನ್ನಿಗೆ ಬಂದು ಕೂತಿರುತ್ತೆ, ಚಿನ್ನ."

ಅಪ್ಪನಿಗೆ ಆಶ್ಚರ್ಯ. "ಚಿನ್ನ ಅಂತ ನಿಮಗೆ ಹೇಗೆ ಗೊತ್ತಾಯ್ತು? ಅದು ನನ್ನ ಹೆಂಡತೀದು."

ತಾತ ಅಮ್ಮನನ್ನು ನೋಡಿದರು, ನದಿಯನ್ನು ನೋಡಿದರು. "ನಿಮ್ಮ ಹೆಂಡತೀದಾ? ನಾನು ಆಲ್ಪ್ಸ್ ಬೆಟ್ಟದ್ದು ಅಂದುಕೊಂಡಿದ್ದೆ" ಅಂದು ಜೇಬಿನಿಂದ ಒಂದು ಪುಟ್ಟ ಗಾಜಿನ ಸೀಸೆ ತೆಗೆದರು. ಅದರ ತಳದಲ್ಲಿ ರವೆಗಿಂತ ಸಣ್ಣ ಹಳದಿ ಕಣಗಳು. ಈ ನದೀಲಿ ಚಿನ್ನ ಹರಿಯುತ್ತೆ ಅಂತ ನಮಗೆ ಗೊತ್ತಾಗಿದ್ದೇ ಆಗ. ಹಸಿರು ತಟ್ಟೇಲಿ ಮರಳು ತುಂಬಿ ನೀರಲ್ಲಿ ತಿರುಗಿಸಿದರೆ ಹಗುರದ ಮರಳು ಹೊರಗೆ ಹೋಗುತ್ತೆ, ಭಾರದ ಚಿನ್ನ ತಳದಲ್ಲಿ ಉಳಿಯುತ್ತೆ, ಇಷ್ಟೇ ವಿದ್ಯೆ ಅಂತ ತಾತ ಮಾಡಿ ತೋರಿಸಿದರು. ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದರು. ಹದಿನೈದು ನಿಮಿಷದಲ್ಲಿ ಕಳೆದದ್ದನ್ನ ಮರೆತು ಇರೋದನ್ನ ಹುಡುಕೋಕೆ ಶುರು ಮಾಡಿದ್ದರು.

"ಹೋಗ್ಲಿ ಬಿಡಿ" ಅಂದರು ಅಮ್ಮ. "ಊರಿಗೆ ಹೋದಾಗ ಒಂದು ಕೊಂಡು ಕೋಸಿಕೊಂಡರಾಯ್ತು."

ಅಪ್ಪ ಮಂಡಿ ಮಟ್ಟ ನೀರಲ್ಲಿ ನಿಂತು ಎದೆ ಉಬ್ಬಿಸಿದರು. "ಕೊಳ್ಳೋದು ಯಾಕೆ? ಈ ನದಿ ತಗೊಂಡಿದ್ದನ್ನ ಈ ನದಿ ಕೈಯಿಂದಲೇ ಕೊಡಿಸ್ತೀನಿ."

"ಸರಿ" ಅಂದರು ಅಮ್ಮ. "ಹಾಗಾದ್ರೆ ಅಂಗಡೀದು ತಂದರೆ ನಾನು ಹಾಕ್ಕೊಳ್ಳಲ್ಲ."

ಮನೆಗೆ ಬಂದು ಸರ ಮತ್ತೆ ಕೋದರು. ಗುಂಡು ಇರಬೇಕಾದ ಜಾಗಕ್ಕೆ ಅರಿಶಿನದ ಕೊಂಬಿನ ಒಂದು ಚೂರು ಕಟ್ಟಿದರು. ಅಪ್ಪ ಆಫೀಸಿನಲ್ಲಿ ಎಷ್ಟೋ ಡೆಡ್‌ಲೈನುಗಳನ್ನ ತಪ್ಪಿಸಿ ಓಡಾಡಿದೋರು. ಈ ಡೆಡ್‌ಲೈನ್ ಮಾತ್ರ ದಿನಾ ಬೆಳಿಗ್ಗೆ ಎದುರಿಗೇ ಕೂತು ಕಾಫಿ ಕುಡೀತಿತ್ತು.

ಮೋಡ ಬಂದಾಗ ಆರಿದ ಚಿನ್ನ

ಮೊದಲ ತಿಂಗಳೇ ಅಪ್ಪ ಅರ್ಧ ಬಕೆಟ್ ಚಿನ್ನ ತಂದರು. ನಿಜವಾಗ್ಲೂ. ಬಾಲ್ಕನೀಲಿ ಪೇಪರ್ ಹಾಸಿ ಹರಡಿದರೆ ಕಣ್ಣು ಬಿಡೋಕಾಗಲ್ಲ, ಅಷ್ಟು ಮಿಂಚು. ಅಪ್ಪನಿಗೆ ಖುಷಿ ತಡೀಲಿಲ್ಲ. ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ, 'ಚಿಕ್ಕದೊಂದು ಗುಡ್ ನ್ಯೂಸ್ ಇದೆ, ನಾಳೆ ಕಾಫಿಗೆ ಬನ್ನಿ' ಅಂತ ಹಾಕಿಬಿಟ್ಟರು.

ಮೂರು ಸಂಸಾರ ಬಂದವು. ಅದರಲ್ಲಿ ಒಬ್ಬ ಆಂಟಿ ಬೇರೇನೋ ಅಂದುಕೊಂಡು ಅಂಗೈಯಷ್ಟು ಉಣ್ಣೆ ಸ್ವೆಟರ್ ತಂದಿದ್ದರು. ಅಮ್ಮ ಅದನ್ನ ನೋಡಿದೋರೇ ಅಡುಗೆಮನೆ ಸೇರಿಕೊಂಡರು, ಹೊರಗೆ ಬರಲೇ ಇಲ್ಲ. ಮಿಕ್ಕವರೆಲ್ಲ ಬಾಲ್ಕನೀಲಿ ಪೇಪರ್ ಸುತ್ತ ನಿಂತು ಕಾಫಿ ಹಿಡಿದುಕೊಂಡು ಉಸಿರು ಬಿಗಿ ಹಿಡಿದು ನೋಡ್ತಿದ್ದರು. ಆಗ ಸೂರ್ಯನಿಗೆ ಒಂದು ಮೋಡ ಅಡ್ಡ ಬಂತು. ಪೇಪರ್ ಮೇಲೆ ಬರೀ ಬೂದು ಮರಳು.

ಒಬ್ಬ ಅಂಕಲ್ ಬಗ್ಗಿ ನೋಡಿ ಮೆತ್ತಗೆ ಕೇಳಿದರು. "ಏನ್ ಸಾರ್, ಆಫ್ ಆಗೋಯ್ತಲ್ಲ?"

ಮುಂದಿನ ಶನಿವಾರ ತಾತ ಆ ಮರಳು ನೋಡಿದರು. ತಮ್ಮ ಟೋಪಿ ತೆಗೆದು ಅದರ ಮೇಲೆ ನೆರಳು ಹಿಡಿದರು. ಮಿಂಚು ಹೋಯ್ತು. ಪಕ್ಕದಲ್ಲಿ ತಮ್ಮ ಸೀಸೆ ಇಟ್ಟು ಅದಕ್ಕೂ ನೆರಳು ಹಿಡಿದರು. ಅದು ಹಾಗೇ ಹಳದಿಯಾಗಿ ಕೂತಿತ್ತು. ಆಮೇಲೆ ಒಂದು ಸೂಜಿ ಕೊಟ್ಟು ಚುಚ್ಚು ಅಂದರು. ನಮ್ಮದು ಪುಡಿಪುಡಿ ಆಯ್ತು. ಅವರದು ಮೆತ್ತಗೆ ತಗ್ಗು ಬಿತ್ತು, ಒಡೀಲಿಲ್ಲ. ನಿಜವಾದ ಚಿನ್ನಕ್ಕೆ ಬಿಸಿಲಿನ ಸಹಾಯ ಬೇಡ, ಚುಚ್ಚಿದರೆ ಪುಡಿಯಾಗೋ ಕೋಪವೂ ಇಲ್ಲ ಅಂತ ತಾತ ಪಾಠ ಮಾಡಿದರು. ನಾವು ಅರ್ಧ ಬಕೆಟ್ ಹೊತ್ತು ತಂದಿದ್ದು ಕಾಗೆ ಬಂಗಾರ.

ಅವತ್ತಿನಿಂದ ಅಪ್ಪನಿಗೆ ಕಂಡದ್ದಕ್ಕೆಲ್ಲ ನೆರಳು ಹಿಡಿಯೋ ಚಟ. ಒಬ್ಬರ ಮನೆ ಸತ್ಯನಾರಾಯಣ ಪೂಜೇಲಿ ಆ ಮನೆಯಾಕೆ ಹೊಸ ನೆಕ್ಲೇಸ್ ಹಾಕಿಕೊಂಡು ಪ್ರಸಾದ ಕೊಡೋಕೆ ಬಗ್ಗಿದರು. ಅಪ್ಪ ಪ್ರಸಾದಕ್ಕೆ ಕೈ ಚಾಚಲಿಲ್ಲ. ಅಂಗೈ ಅಡ್ಡ ಹಿಡಿದು ನೆಕ್ಲೇಸಿಗೆ ನೆರಳು ಮಾಡಿದರು. ಆ ಮನೆಯವರು ಈ ವರ್ಷ ನಮ್ಮನ್ನ ಪೂಜೆಗೆ ಕರೆದಿಲ್ಲ.

ಟ್ರಾಮಿನಲ್ಲಿ ಬಂದದ್ದು

ನನ್ನ ಓದು ಅಷ್ಟಕ್ಕಷ್ಟೆ. ಒಂಬತ್ತನೇ ಕ್ಲಾಸನ್ನ ಎರಡು ಸಲ ಓದಿದೆ. ಎರಡನೇ ಸಲ ಕ್ಲಾಸಿಗೇ ಬೇಜಾರಾಗಿ ನನ್ನನ್ನ ಕಳಿಸಿಕೊಡ್ತು. ಈಗ ದಿನಾ ಟ್ರಾಮ್ ಹತ್ತಿ ಹೋಗಿ ಸ್ಟೇಷನ್ ಹತ್ತಿರ ಒಂದು ಅಂಗಡೀಲಿ ಕೆಲಸ ಕಲೀತಿದ್ದೀನಿ. ಬೀಗದ ಕೈಗೆ ಜೋಡಿ ಮಾಡಿಕೊಡೋದು, ಬೂಟಿಗೆ ಹಿಮ್ಮಡಿ ಹೊಡೆಯೋದು. ಬೀಗದ ಕೈ ಕೊರೆಯೋ ಮಿಷಿನ್ನಿನ ಕೆಳಗೆ ದಿನಾ ಸಂಜೆ ಹಿತ್ತಾಳೆ ಪುಡಿ ಉದುರಿರುತ್ತೆ. ಹಳದಿ, ಸಣ್ಣ, ಮಿರಮಿರ. ಗುಡಿಸೋ ಕೆಲಸ ನಂದು.

ನೀವೇ ಹೇಳಿ. ಕೈಯಲ್ಲಿ ಇಂಥ ಪುಡಿ, ಮನೇಲಿ ಅಂಥ ಅಪ್ಪ. ಯಾರು ತಾನೇ ಸುಮ್ಮನಿರ್ತಾರೆ?

ಬೆಂಕಿಪೆಟ್ಟಿಗೇಲಿ ಒಂದು ಚಿಟಿಕೆ ಹಾಕಿಕೊಂಡು ಶನಿವಾರ ಅಪ್ಪನ ಜೊತೆ ಹೋದೆ. ಅವರು ಫ್ಲಾಸ್ಕ್ ಕಡೆ ತಿರುಗಿದಾಗ, ತಾತನದರಂಥದೇ ಅವರ ಹಸಿರು ತಟ್ಟೆಗೆ ಉದುರಿಸಿದೆ. ಅಪ್ಪ ಬಂದು ತಟ್ಟೆ ತಿರುಗಿಸಿದರು, ತಿರುಗಿಸಿದರು, ನಿಲ್ಲಿಸಿದರು. ಟೋಪಿ ಹಿಡಿದರು. ನೆರಳಲ್ಲೂ ಹಳದಿ. ಸೂಜಿ ಚುಚ್ಚಿದರು. ಒಡೀಲಿಲ್ಲ, ಬಾಗಿತು. ನಾನು ಇದನ್ನ ಯೋಚಿಸಿರಲಿಲ್ಲ. ಒಂದಾದರೂ ಪರೀಕ್ಷೇಲಿ ಫೇಲ್ ಆಗುತ್ತೆ, ನಗೋಣ ಅಂತಿದ್ದೆ. ನಾನು ಫೇಲ್ ಆದಷ್ಟು ಸುಲಭವಾಗಿ ಹಿತ್ತಾಳೆ ಫೇಲ್ ಆಗಲ್ಲ ಅಂತ ಅವತ್ತು ಗೊತ್ತಾಯ್ತು.

ಅಪ್ಪ ಕುಣೀತಾರೆ ಅಂದುಕೊಂಡಿದ್ದೆ. ಅವರು ಒಂದು ಕಲ್ಲಿನ ಮೇಲೆ ಮೆತ್ತಗೆ ಕೂತರು. ಅಮ್ಮನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು. "ಆ ಅರಿಶಿನದ ಕೊಂಬು ತೆಗೆದಿಡು."

ನಾನು ಬೆಂಕಿಪೆಟ್ಟಿಗೆಯನ್ನ ಜೇಬಿನ ಮೂಲೆಗೆ ತಳ್ಳಿದೆ. ಅಷ್ಟರಲ್ಲಿ ತಾತ ಬಂದು ಕಣ್ಣಿಗೆ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು.

"ರೈನ್ ಚಿನ್ನ ಬಹಳ ದೂರದಿಂದ ಉರುಳಿ ಬಂದಿರುತ್ತೆ" ಅಂದರು. "ಕಲ್ಲಿನ ಕೈಲಿ ಏಟು ತಿಂದು ತಿಂದು ಓಟ್ಸ್ ಹಾಗೆ ಚಪ್ಪಟೆ ಆಗಿರುತ್ತೆ. ಇದು ಸುರುಳಿ ಸುರುಳಿ ಇದೆ. ಇದು ಆಲ್ಪ್ಸಿಂದ ಬಂದಿದ್ದಲ್ಲ." ಆಮೇಲೆ ನನ್ನ ಉಗುರಿನ ಸಂದೀಲಿದ್ದ ಹಳದಿ ಪುಡಿ ನೋಡಿದರು. "ಟ್ರಾಮಿನಲ್ಲಿ ಬಂದಿದೆ."

ಅಪ್ಪ ಬಯ್ಯಲಿಲ್ಲ. ವಾಪಸ್ ಸೈಕಲ್ ತುಳೀತಾ ಅರ್ಧ ದಾರೀಲಿ ಕೇಳಿದರು. "ಎಷ್ಟು ಹೊತ್ತು ಚಿನ್ನ ಆಗಿತ್ತೋ ಅದು, ತಾತ ಬರೋವರೆಗೆ?"

"ಹತ್ತು ನಿಮಿಷ ಇರಬಹುದು."

"ಒಳ್ಳೆ ಹತ್ತು ನಿಮಿಷ ಕಣೋ" ಅಂದರು. ಸ್ವಲ್ಪ ದೂರ ಹೋದ ಮೇಲೆ, "ಅಮ್ಮನಿಗೆ ಫೋನ್ ಮಾಡಿ ನೀನೇ ಹೇಳು" ಅಂದರು. ಅದೇ ಶಿಕ್ಷೆ.

ನಾನು ತೊದಲಿ ತೊದಲಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು. "ನೀನು ಅಷ್ಟು ಬೆಳಿಗ್ಗೆ ಎದ್ದು ಅಪ್ಪನ ಜೊತೆ ಹೊರಟಾಗಲೇ ಅಂದುಕೊಂಡೆ. ನಾನು ಕೊಂಬು ತೆಗೆದೇ ಇಲ್ಲ."

ಅಲ್ಲಿ ಒಂದು ನಿಯಮ ಇದೆ, ನದಿ ದಂಡೇಲಿ ಅಗೆದೋರು ಗುಂಡಿ ಮುಚ್ಚಿ ಹೋಗಬೇಕು. ತಾತ ಆ ಕೆಲಸವನ್ನ ಅವತ್ತಿನಿಂದ ನನಗೆ ವಹಿಸಿದರು. ಅಪ್ಪಂದೂ, ಅವರದೂ, ಅವರ ಸ್ನೇಹಿತರದೂ. ಹಾಗಾಗಿ ಮುಂದೆ ನದಿ ದಂಡೇಲಿ ಆದದ್ದೆಲ್ಲ ನಾನು ಗುಂಡಿ ಮುಚ್ಚುತ್ತಾ ಕಣ್ಣಾರೆ ಕಂಡದ್ದು.

ಸಾರು

ಈ ವರ್ಷ ಜೂನ್‌ನಲ್ಲಿ ಮೈಸೂರಿನಿಂದ ಅಜ್ಜಿ ಬಂದರು. ಅಮ್ಮನ ಅಮ್ಮ. ಮೂರು ತಿಂಗಳ ವೀಸಾ. ಏರ್‌ಪೋರ್ಟಿನಲ್ಲಿ ಮಗಳನ್ನ ತಬ್ಬಿಕೊಂಡೋರು ಕೈ ಬಿಡೋ ಮೊದಲೇ ಕೊರಳು ಮುಟ್ಟಿ ನೋಡಿದರು. "ಇದೇನಿದು ಅರಿಶಿನದ ಕೊಂಬು?"

ಅಪ್ಪ ಟ್ರಾಲಿ ತಳ್ಳುತ್ತಾ ಹೆಲ್ಮೆಟ್ಟಿನಿಂದ ಹಿಡಿದು ಆಲ್ಪ್ಸಿನವರೆಗೆ ಎಲ್ಲಾ ಹೇಳಿದರು. ಅಜ್ಜಿ ಶಾಂತವಾಗಿ ಕೇಳಿಸಿಕೊಂಡರು. "ಗಂಡಸು ಆಡಿದ ಮಾತು ಅಂದಮೇಲೆ ನಡೀಬೇಕು ಅಳಿಯಂದಿರೇ. ಇವಳ ಕೊರಳಲ್ಲಿ ಗುಂಡು ಕೂತದ್ದು ನೋಡಿಯೇ ನಾನು ವಿಮಾನ ಹತ್ತೋದು."

"ವೀಸಾ ಮೂರೇ ತಿಂಗಳು ಅತ್ತೆ."

"ಅದು ನಿಮಗೆ ಬಿಟ್ಟದ್ದು."

ಅಪ್ಪ ಆ ರಾತ್ರಿಯೇ ಎಕ್ಸೆಲ್ ತೆಗೆದರು. ಒಂದು ಶನಿವಾರಕ್ಕೆ ಇಷ್ಟು ಕಣ ಅಂದರೆ ಗಟ್ಟಿ ಗುಂಡಿಗೆ ನಾನು ಪೆನ್ಷನ್ ತಗೊಳ್ಳೋವರೆಗೆ ಕಾಯಬೇಕು. ಟೊಳ್ಳು ಗುಂಡಾದರೆ ಈ ಬೇಸಿಗೆಗೇ ಆಗಬಹುದು. ತಾತನೂ ಹೌದು ಅಂದರು. ವಾರ ವಾರ ಚಿನ್ನ ಬೇರೆ ಮಾಡೋಕೆ ಹೋದರೆ ಕಣ ಕಳೆದು ಹೋಗುತ್ತೆ, ಚಿನ್ನ ಬೆರೆತ ಭಾರದ ಕಪ್ಪು ಮರಳನ್ನ ಕೂಡಿಡು, ಕೊನೆಗೆ ಒಂದೇ ಸಲ ತೊಳೆ ಅಂತ ಅವರು ಮೊದಲೇ ಹೇಳಿದ್ದರು. ಹೋದ ವರ್ಷದಿಂದ ಕೂಡಿಟ್ಟ ಕಪ್ಪು ಮರಳು ನೆಲಮಾಳಿಗೇಲಿ ಒಂದು ನೀಲಿ ಬಕೆಟ್ಟಿನಲ್ಲಿ ಇತ್ತು. ಅದರಿಂದ ಒಂದಿಷ್ಟನ್ನ ಅಪ್ಪ ಒಣಗಿಸಿ, ನೋಡೋಣ ಎಷ್ಟಿದೆ ಅಂತ ಒಂದು ಸ್ಟೀಲ್ ಡಬ್ಬೀಲಿ ಹಾಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟರು. ಮೆಣಸಿನ ಪುಡಿ ಡಬ್ಬಿಯೂ ಸ್ಟೀಲು, ಮೆಣಸಿನ ಪುಡಿಯೂ ಕಪ್ಪು, ಅಡುಗೆಮನೆ ಆಗಲೇ ಅಜ್ಜಿ ವಶ. ಮುಂದೆ ಹೇಳಬೇಕಾ?

ಮೊದಲ ತುತ್ತಿಗೇ ಅಪ್ಪನ ದವಡೇಲಿ ಕರಕ್ ಅಂತು.

"ಕಲ್ಲಾ?" ಅಂದರು ಅಜ್ಜಿ. ಅವರ ಮುಖ ನೋಡಬೇಕಿತ್ತು. "ಅರವತ್ತು ವರ್ಷದಿಂದ ಅಕ್ಕಿಬೇಳೆ ಗಾಳಿಸಿದ್ದೀನಿ. ನನ್ನ ಕೈ ಅಡುಗೇಲಿ ಒಬ್ಬರಿಗೂ ಒಂದು ಕಲ್ಲು ಸಿಕ್ಕಿಲ್ಲ."

ಅಪ್ಪ ಕಟ್ಟೆ ಕಡೆ ತಿರುಗಿ ಡಬ್ಬಿ ನೋಡಿದರು. ಕೂತಲ್ಲಿಂದ ಎದ್ದರು. "ಯಾರೂ ನುಂಗಬೇಡಿ."

ನಾನು ಬಾಯಲ್ಲಿದ್ದದ್ದನ್ನ ತಟ್ಟೆಗೆ ವಾಪಸ್ ಬಿಟ್ಟೆ. ಅಪ್ಪ ಪಾತ್ರೆ ಪೂರ್ತಿ ಹಸಿರು ತಟ್ಟೆಗೆ ಬಗ್ಗಿಸಿಕೊಂಡು ಸಿಂಕಿನ ಮುಂದೆ ನಿಂತು ಮೆಣಸಿನ ಸಾರು ತೊಳೆಯೋಕೆ ಶುರು ಮಾಡಿದರು. ಮೊದಲು ಟೊಮೆಟೊ ಹೋಯ್ತು, ಆಮೇಲೆ ಕರಿಬೇವು, ಆಮೇಲೆ ಸಾಸಿವೆ. ತಳದಲ್ಲಿ ಉಳಿದಿದ್ದು ಮೂರು ಚಿನ್ನದ ಕಣ, ಒಂದು ತೊಗರಿಬೇಳೆ. ಮನೆಯೆಲ್ಲ ಇಂಗಿನ ವಾಸನೆ. ಅಪ್ಪ ತಲೆ ಎತ್ತದೆ ಕೇಳಿದರು. "ಯಾರೂ ನುಂಗಿಲ್ಲ ತಾನೆ?"

ಅಮ್ಮ ಕೈ ಎತ್ತಿದರು. "ನಾನು ಎರಡು ಸೌಟು ಕುಡಿದಾಗಿತ್ತು. ಕೊರಳಿಗೆ ಚಿನ್ನ ಹಾಕ್ತೀನಿ ಅಂದಿದ್ರಲ್ಲ, ಹಾಕಿದ ಹಾಗಾಯ್ತು. ಒಳಗಡೆಯಿಂದ."

ಅಜ್ಜಿ ಗಾಳಿಸಿದ್ದು

ಅಜ್ಜಿ ಹೊರಡೋಕೆ ಮೂರು ದಿನ ಇತ್ತು. ಮಂಗಳವಾರ ವಿಮಾನ. ಶನಿವಾರ ಬೆಳಿಗ್ಗೆ ನೀಲಿ ಬಕೆಟ್ಟನ್ನ ಮಗು ಥರ ಎತ್ತಿಕೊಂಡು ನಾವೆಲ್ಲ ನದಿಗೆ ಹೋದ್ವಿ. ಒಂದು ವರ್ಷದ ದುಡಿಮೆ ಅದರಲ್ಲಿ. ಅದನ್ನ ತೊಳೆದು ಮುಗಿಸಿದರೆ ಗುಂಡಿಗೆ ಆಗೋಷ್ಟು ಚಿನ್ನ ಇದೆಯೋ ಇಲ್ಲವೋ ಗೊತ್ತಾಗುತ್ತೆ. ತಾತ ಬಂದಿದ್ದರು, ಅವರ ಐದಾರು ಜನ ಸ್ನೇಹಿತರೂ ಬಂದಿದ್ದರು. ಎಲ್ಲರಿಗೂ ಅಮ್ಮನ ಕೊರಳಿನ ವಿಷಯ ಗೊತ್ತಿತ್ತು.

ಅಪ್ಪ ತಟ್ಟೆ ಹಿಡಿದು ನೀರಿಗಿಳಿದರು. ಒಂದು ತಟ್ಟೆ ಮರಳಿಗೆ ಅರ್ಧ ಗಂಟೆ ತಗೊಂಡರು. ಅಜ್ಜಿ ಮಡಚೋ ಕುರ್ಚೀಲಿ ಕೂತು, ಸೀರೆ ಮೇಲೆ ಅಮ್ಮನ ಜಾಕೆಟ್ಟು ಹಾಕಿಕೊಂಡು, ನೋಡೋವಷ್ಟು ನೋಡಿದರು.

"ಅಳಿಯಂದಿರೇ, ಇದೇನು ಇದು? ಇದನ್ನ ನಾವು ಗಾಳಿಸೋದು ಅಂತೀವಿ. ದಿನಾ ಬೆಳಿಗ್ಗೆ ಮಾಡೋ ಕೆಲಸ. ಕೊಡಿ ಇಲ್ಲಿ."

ಅಪ್ಪ ಕೊಡಲಿಲ್ಲ. ಅಮ್ಮ ಹೇಳಿದರು. "ರೀ, ಕೊಡಿ. ಅಮ್ಮನ ಕೈ ನಿಮಗೆ ಗೊತ್ತಿಲ್ಲ."

ಗೊತ್ತಿಲ್ಲದೋರಿಗೆ ಹೇಳ್ತೀನಿ. ಅಕ್ಕಿ ಗಾಳಿಸೋದು ಅಂದರೆ ಪಾತ್ರೇಲಿ ಅಕ್ಕಿ, ನೀರು ಹಾಕಿ, ಓರೆ ಹಿಡಿದು ತೂಗುತ್ತಾ ತೂಗುತ್ತಾ ಅಕ್ಕಿಯನ್ನ ಇನ್ನೊಂದು ಪಾತ್ರೆಗೆ ಇಳಿಸೋದು. ಕಲ್ಲು ಭಾರ, ಮೊದಲ ಪಾತ್ರೇಲಿ ಹಿಂದುಳಿಯುತ್ತೆ. ನೋಡಿದರೆ ಇದೇ ವಿದ್ಯೆ.

ಅಜ್ಜಿ ಸೆರಗು ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ ನೀರಂಚಿಗೆ ಕುಕ್ಕರಗಾಲಲ್ಲಿ ಕೂತರು. ಒಂದು ಖಾಲಿ ಬಕೆಟ್ ಪಕ್ಕಕ್ಕೆ ಎಳೆದುಕೊಂಡರು. ತಟ್ಟೆ ತೂಗಿದರು ನೋಡಿ. ಅಪ್ಪ ತಿರುಗಿಸಿದರೆ ತಟ್ಟೇಲಿ ಚಂಡಮಾರುತ. ಅಜ್ಜಿ ತೂಗಿದರೆ ತೊಟ್ಟಿಲು. ಮರಳು ಪದರ ಪದರವಾಗಿ ಬಕೆಟ್ಟಿಗೆ ಜಾರಿ ಹೋಗ್ತಿತ್ತು. ಜರ್ಮನರು ಒಬ್ಬೊಬ್ಬರೇ ತಮ್ಮ ತಟ್ಟೆ ಕೆಳಗಿಟ್ಟು ಬಂದು ಸುತ್ತ ನಿಂತರು. ಇಬ್ಬರು ಫೋನ್ ತೆಗೆದು ವಿಡಿಯೋ ಹಿಡಿದರು. ತಾತ ಟೋಪಿ ತೆಗೆದು ಎದೆಗೆ ಇಟ್ಟುಕೊಂಡರು. "ನಲವತ್ತು ವರ್ಷದಿಂದ ಮಾಡ್ತಿದ್ದೀನಿ" ಅಂತ ಅಪ್ಪನ ಕಿವೀಲಿ ಹೇಳಿದರು. "ಹೀಗೆ ಯಾರೂ ಮಾಡಿದ್ದು ನೋಡಿಲ್ಲ."

ಅಪ್ಪ ಹೆಮ್ಮೆಯಿಂದ, "ನಮ್ಮತ್ತೆ" ಅಂದರು. 

ಕೊನೆಗೆ ತಳದಲ್ಲಿ ಒಂದು ಚಮಚದಷ್ಟು ಕಪ್ಪು ಉಳೀತು. ಅದರ ಅಂಚಿಗೆ ಒಂದು ಹಳದಿ ಗೆರೆ. ದಾರದಷ್ಟು ತೆಳ್ಳಗೆ, ಮೋಡ ಮುಚ್ಚಿದ್ದರೂ ಹೊಳೀತಿತ್ತು. ಎಲ್ಲರೂ ಬಗ್ಗಿದ್ವಿ. ಅಪ್ಪ ಸೀಸೆಯ ಬಿರಡೆ ತೆಗೆದು ಕೈ ಮುಂದೆ ಚಾಚಿದರು.

ಅಜ್ಜಿ ತಟ್ಟೆಯನ್ನ ಹಿಂದಕ್ಕೆ ಬೀಸಿ, ತಳದಲ್ಲಿದ್ದದ್ದನ್ನ ಭುಜದ ಮೇಲಿಂದ ನದಿಗೆ ಎಸೆದರು.

"ಕಲ್ಲು" ಅಂದರು.

ಅಜ್ಜಿ ಪಕ್ಕದ ಬಕೆಟ್ಟಿನ ಮರಳನ್ನ ಅಂಗೈಲಿ ಎತ್ತಿ ತೋರಿಸಿದರು. ಅದು ನಿಜವಾಗ್ಲೂ ಎಷ್ಟು ಚೊಕ್ಕಟವಾಗಿತ್ತು ಅಂದರೆ ಅನ್ನ ಮಾಡಬಹುದಿತ್ತು. "ನೋಡಿ, ಒಂದು ಕಲ್ಲಿಲ್ಲ."

ಅಪ್ಪ ಖಾಲಿ ಸೀಸೆಗೆ ಬಿರಡೆ ಹಾಕಿದರು. ಅಮ್ಮ ವಿಷಯ ಬಿಡಿಸಿ ಹೇಳಿದರು. ತಳದಲ್ಲಿ ಉಳಿಯೋದೇ ಚಿನ್ನ, ಅದನ್ನೇ ಇಟ್ಟುಕೊಳ್ಳಬೇಕು. ಅಜ್ಜಿಗೆ ಅರ್ಥ ಆಯ್ತು. "ಅಯ್ಯೋ ರಾಮ" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಹೋಗ್ಲಿ ಬಿಡಿ, ಇನ್ನೂ ಮುಕ್ಕಾಲು ಬಕೆಟ್ ಇದೆಯಲ್ಲ, ಈ ಸಲ ಇಟ್ಟುಕೊಳ್ತೀನಿ" ಅಂತ ಮತ್ತೆ ತಟ್ಟೆ ತುಂಬಿದರು. ಅದೇ ತೊಟ್ಟಿಲು, ಅದೇ ಹಳದಿ ಗೆರೆ. ಅಪ್ಪ, "ಅತ್ತೆ, ಅತ್ತೆ, ಅತ್ತೆ" ಅಂತಿದ್ದ ಹಾಗೇ ಅವರ ಕೈ ತಾನಾಗೇ ಹಿಂದಕ್ಕೆ ಹೋಗಿ ಎಸೆದುಬಿಡ್ತು.

"ನಾನಲ್ಲ" ಅಂದರು ಅಜ್ಜಿ, ತಮ್ಮ ಕೈಯನ್ನೇ ನೋಡುತ್ತಾ. "ಅರವತ್ತು ವರ್ಷದ ಕೈ. ಕಲ್ಲನ್ನ ಉಳಿಸು ಅಂದರೆ ಇದು ಕೇಳಲ್ಲ."

ಹಾಗಾದರೆ ಬಿಡಿ ಅತ್ತೆ ಅಂತ ಅಪ್ಪ ತಟ್ಟೆ ಇಸಕೊಳ್ಳೋಕೆ ಹೋದರೆ ತಾತ ತಡೆದರು. ಅಜ್ಜಿಯ ಹಿಂದೆ, ನೀರಲ್ಲಿ, ತಮ್ಮ ತಟ್ಟೆ ಹಿಡಿದು ಮಂಡಿಯೂರಿ ಕೂತರು. "ಇವರು ಎಸೀಲಿ" ಅಂದರು. "ನಾನು ಹಿಡೀತೀನಿ."

ಮಧ್ಯಾಹ್ನದವರೆಗೆ ಅದೇ ನಡೀತು. ಅಜ್ಜಿ ಗಾಳಿಸೋದು, "ಕಲ್ಲು" ಅಂತ ಎಸೆಯೋದು, ಹಿಂದೆ ತಾತ ಹಿಡಿಯೋದು. ಕೊನೆ ಕೊನೆಗೆ ಜರ್ಮನರೆಲ್ಲ ಒಟ್ಟಿಗೆ "ಕಲ್ಲು" ಅಂತಿದ್ದರು. ಅವರು ಇವತ್ತಿಗೂ ಚಿನ್ನಕ್ಕೆ ಕನ್ನಡದಲ್ಲಿ ಕಲ್ಲು ಅಂತಾರೆ ಅಂದುಕೊಂಡಿದ್ದಾರೆ. ನಾನು ತಿದ್ದಿಲ್ಲ.

ಟಿಣ್

ಹಿಡಿದದ್ದೆಲ್ಲ ಸೇರಿಸಿದರೆ ಸೀಸೆಯ ತಳ ಮುಚ್ಚಿತು, ಅಷ್ಟೆ. ಮೊದಲು ನದಿಗೆ ಹೋದ ಎರಡು ತಟ್ಟೆ ಸೇರಿದ್ದರೆ ಆಗ್ತಿತ್ತೇನೋ ಅಂದರು ತಾತ. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. "ನನ್ನ ಮಗಳ ತಾಳಿಯ ಗುಂಡು ನನ್ನ ಕೈಯಾರೆ ಎಸೆದೆ" ಅಂತ ಗೋಡೆ ನೋಡ್ತಾ ಕೂತರು. ಅಪ್ಪ ಅವರ ಪಕ್ಕ ಕೂತು, "ಮೊದಲು ಕಿತ್ತೋನು ನಾನು ಅತ್ತೆ, ನೀವು ಎರಡನೆಯೋರು" ಅಂತ ಸಮಾಧಾನ ಮಾಡಿದರು.

ಭಾನುವಾರ ಬೆಳಿಗ್ಗೆ ಅಜ್ಜಿ ಎಲ್ಲರಿಗಿಂತ ಮೊದಲು ಜಾಕೆಟ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಎಸೆದ ಜಾಗ ನನಗೆ ಗೊತ್ತು. ನಡೀರಿ."

ಹೋದ್ವಿ. ತಾತನೂ ಅವರ ಕಡೆಯವರೂ ಹೇಳದೇನೇ ಬಂದಿದ್ದರು. ಅಜ್ಜಿ ನೀರಂಚಿಗೆ ಕೂತರು, ಅಪ್ಪ ಎಸೆದ ಜಾಗದಿಂದ ಮರಳು ಅಗೆದು ಕೊಟ್ಟರು, ಅಜ್ಜಿ ಗಾಳಿಸಿದರು, ಎಸೆದರು. ಹಿಂದೆ ತಾತ. ಒಂದು ತಟ್ಟೆ, ಹತ್ತು ತಟ್ಟೆ, ಇಪ್ಪತ್ತು. ಗುಂಡಿ ಮುಚ್ಚಿ ಮುಚ್ಚಿ ನನ್ನ ಕೈಯಲ್ಲಿ ಬೊಬ್ಬೆ ಬಂತು. ಮಧ್ಯಾಹ್ನ ದಾಟಿತು. ಆಗ ಅಜ್ಜಿ ಇನ್ನೊಂದು ಸಲ "ಕಲ್ಲು" ಅಂತ ಎಸೆದರು. ತಾತನ ತಟ್ಟೇಲಿ ಟಿಣ್ ಅಂತು.

ಚಿನ್ನದ ಕಣ ಟಿಣ್ ಅನ್ನಲ್ಲ. ಎಲ್ಲರೂ ತಿರುಗಿದರು.

ಪುಟ್ಟ ಬಟಾಣಿಯಷ್ಟು ದಪ್ಪ, ಹಳದಿ, ಗುಂಡಗೆ. ಅಪ್ಪ ಟೋಪಿ ಹಿಡಿದರು. ನೆರಳಲ್ಲೂ ಹಳದಿ. ಸೂಜಿ ತೆಗೆಯೋಕೆ ಹೋದರು. ತಾತ ಅವರ ಕೈ ಹಿಡಿದು, "ಬೇಡ" ಅಂದರು. "ಇದು ಆಲ್ಪ್ಸಿಂದ ಬಂದಿದ್ದಲ್ಲ. ಇದರಲ್ಲಿ ದಾರ ಪೋಣಿಸೋ ತೂತಿದೆ."

ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತು ಸರ ಬಿಚ್ಚಿ, ಅರಿಶಿನದ ಕೊಂಬು ತೆಗೆದು ನದಿಗೆ ಬಿಟ್ಟು, ಗುಂಡು ಕೋದರು. ಅಜ್ಜಿ ಅಳಿಯನ ಕಡೆ ತಿರುಗಿ ಗಂಭೀರವಾಗಿ ಹೇಳಿದರು. "ನೋಡಿದ್ರಾ ಅಳಿಯಂದಿರೇ? ಎಸೀದಿದ್ದರೆ ಸಿಗ್ತಿತ್ತಾ?"

ಕಥೆ ಇಲ್ಲಿಗೇ ಮುಗಿಸಿದ್ದೆ. ಮೊನ್ನೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ ಅಜ್ಜಿಗೆ. ಕನ್ನಡ ಅಕ್ಷರ ಕಲಿಸಿದೋರು ಅವರೇ, ತಪ್ಪಿದ್ದರೆ ತಿದ್ದಲಿ ಅಂತ. ಸಾರಿನ ಹತ್ತಿರ ಕೆಮ್ಮು ಬರೋವರೆಗೆ ನಕ್ಕರು. ಕೊನೆಗೆ ಬಂದಾಗ ಮಾತ್ರ ತಡೆದರು.

"ಸಿಕ್ಕಿತು ಅಂತ ಬರೆದಿದ್ದೀಯಲ್ಲೋ."

"ಓದೋರಿಗೆ ಖುಷಿಯಾಗ್ಲಿ ಅಂತ ಅಜ್ಜಿ."

"ಅವರ ಖುಷಿ ಇರಲಿ. ಗುಂಡು ಸಿಕ್ಕಿಬಿಟ್ಟರೆ ನಾನು ಮುಂದಿನ ವರ್ಷ ಏನಂತ ಬರಲಿ? ವೀಸಾ ಅರ್ಜೀಲಿ ಯಾತಕ್ಕೆ ಬರ್ತೀರಿ ಅಂತ ಒಂದು ಗೆರೆ ಬಿಟ್ಟಿರ್ತಾರೆ. ಅಲ್ಲಿ ಏನು ಬರೀಲಿ? ನಿಮ್ಮಪ್ಪನಿಗೂ ಹೇಳು, ನಾನು ಬರೋ ಮೊದಲು ಸಿಕ್ಕರೆ ವಾಪಸ್ ನದಿಗೆ ಹಾಕಬೇಕು ಅಂತ. ನೀನು ಮೊದಲು ಆ ಸುಳ್ಳನ್ನ ಸರಿ ಮಾಡು."

ಅಜ್ಜಿ ಮಾತು ಮೀರೋಕಾಗಲ್ಲ. ಅದಕ್ಕೇ ಬರೀತಿದ್ದೀನಿ, ಓದೋರು ಮಾತ್ರ ಅಲ್ಲ, ವೀಸಾ ಆಫೀಸಿನವರೂ ದಯವಿಟ್ಟು ಗಮನಿಸಿ. ಆ ಭಾನುವಾರ ಟಿಣ್ ಅಂದದ್ದು ಬಿಯರ್ ಬಾಟಲಿಯ ಮುಚ್ಚಳ. ಅಜ್ಜಿ ಮಂಗಳವಾರ ಗುಂಡು ನೋಡದೆಯೇ ವಿಮಾನ ಹತ್ತಿದರು. ಅಮ್ಮನ ಕೊರಳಲ್ಲಿ ಅರಿಶಿನದ ಕೊಂಬೇ ಇದೆ. ಆ ಗುಂಡು ಸಿಕ್ಕ ಕೊನೆ ನಾನು ಕಟ್ಟಿದ್ದು.